ಸಾನ್ ಜಿಮಿನ್ಯಾನೊ: ಗುಡ್ಡದ ಮೇಲಿನ ಆ ಗೋಪುರಗಳು ಉಳಿದದ್ದು ಹೇಗೆ?

ಶರಾವತಿ ದಂಡೆ

ಇಟಲಿ ಅಂದರೆ ನಮ್ಮಲ್ಲಿ ರೋಮ್, ವೆನಿಸ್, ಪೀಸಾದ ವಾಲಿದ ಗೋಪುರ, ಇಷ್ಟಕ್ಕೇ ಮಾತು ನಿಂತುಬಿಡುತ್ತದೆ. ನನಗೆ ತುಂಬ ಹಿಡಿಸಿರುವುದು ಟಸ್ಕನಿಯ ಒಂದು ಪುಟ್ಟ ಊರು, ಸಾನ್ ಜಿಮಿನ್ಯಾನೊ. ಫ್ಲಾರೆನ್ಸ್‌ನಿಂದ ನೈಋತ್ಯಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. 324 ಮೀಟರ್ ಎತ್ತರದ ಗುಡ್ಡ, ಸುತ್ತಲೂ ಎರಡು ಕಿಲೋಮೀಟರ್‌ಗೂ ಮಿಕ್ಕಿದ ಕೋಟೆಗೋಡೆ, ಒಳಗೆ ಮನೆಗಳ ನಡುವಿನಿಂದ ನೆಟ್ಟಗೆ ಎದ್ದ ಕಲ್ಲಿನ ಗೋಪುರಗಳು. ಒಂದು ಕಾಲಕ್ಕೆ 72 ಇದ್ದವು ಅನ್ನುತ್ತಾರೆ, ಈಗ 14 ಉಳಿದಿವೆ.

ಮಧ್ಯಯುಗದಲ್ಲಿ ಇಂಥ ಗೋಪುರಗಳು ಇಟಲಿಯ ಊರೂರಲ್ಲೂ ಇದ್ದವು. ಬೊಲೋನ್ಯಾದಲ್ಲಿದ್ದವು, ಲುಕ್ಕಾದಲ್ಲಿದ್ದವು, ಫ್ಲಾರೆನ್ಸ್‌ನಲ್ಲಂತೂ ಲೆಕ್ಕವಿಲ್ಲದಷ್ಟಿದ್ದವು. 1250ರಲ್ಲಿ ಅಲ್ಲಿ ವರ್ತಕರ, ಕುಶಲಕರ್ಮಿಗಳ ಸರ್ಕಾರ ಬಂದಾಗ, ಯಾರ ಗೋಪುರವೂ ಸುಮಾರು 29 ಮೀಟರ್ ಮೀರಕೂಡದು ಎಂದು ಆಜ್ಞೆ ಮಾಡಿ ಉಳಿದ ಭಾಗ ಕೆಡವಿಸಿತು. ದೊಡ್ಡ ನಗರಗಳಲ್ಲಿ ಹೀಗೆ ಕತ್ತರಿಸಿದ, ಅರಮನೆಗಳ ಒಳಗೆ ಸೇರಿಹೋದ ಗೋಪುರಗಳು ಈ ಚಿಕ್ಕ ಊರಿನಲ್ಲಿ ಮಾತ್ರ ಇಷ್ಟೊಂದು ಉಳಿದದ್ದು ಯಾಕೆ?

ನನ್ನ ಉತ್ತರ ಇದು: ಊರಿಗೆ ಬಡತನ ಬಂತು, ಅದಕ್ಕೇ ಉಳಿದವು. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ಯಾತ್ರಿಕರ ದಾರಿ, ವಿಯಾ ಫ್ರಾಂಚಿಜೆನಾ, ಈ ಗುಡ್ಡದ ಮೇಲೇ ಹಾದುಹೋಗುತ್ತಿತ್ತು. 990ರ ಹೊತ್ತಿಗೆ ರೋಮ್‌ನಿಂದ ಊರಿಗೆ ಮರಳಿದ ಆರ್ಚ್‌ಬಿಷಪ್ ಸಿಜೆರಿಕ್ ತಾನು ತಂಗಿದ ಊರುಗಳ ಪಟ್ಟಿ ಬರೆಸಿದ್ದಾನೆ, ಅದರಲ್ಲಿ 19ನೇ ತಂಗುದಾಣ ಇದೇ. ದಾರಿ ಇದ್ದಲ್ಲಿ ವ್ಯಾಪಾರ, ವ್ಯಾಪಾರ ಇದ್ದಲ್ಲಿ ದುಡ್ಡು. 1199ರಲ್ಲಿ ವೊಲ್ತೆರ್ರಾದ ಬಿಷಪ್ಪನ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರ ಆಡಳಿತ ಕಟ್ಟಿಕೊಂಡರು. ಮುಂದಿನ ನೂರೈವತ್ತು ವರ್ಷ ಊರಿನ ಸುಗ್ಗಿ. ಗೋಪುರಗಳೆಲ್ಲ ಎದ್ದದ್ದು ಹೆಚ್ಚೂಕಡಿಮೆ ಆ ಕಾಲದಲ್ಲೇ. ಆಮೇಲೆ 1348ರ ಮಹಾಪ್ಲೇಗ್ ಅರ್ಧ ಊರನ್ನು ಬಲಿ ತೆಗೆದುಕೊಂಡಿತು. 1353ರಲ್ಲಿ ಊರು ಫ್ಲಾರೆನ್ಸ್‌ಗೆ ಶರಣಾಯಿತು. ದಾರಿ ಕೂಡ ಗುಡ್ಡ ಬಿಟ್ಟು ಕೆಳಗಿನ ಎಲ್ಸಾ ಕಣಿವೆಗೆ ಇಳಿಯಿತು. ಹಳೆಯದನ್ನು ಕೆಡವಿ ಹೊಸ ಅರಮನೆ ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಶತಮಾನಗಳು ಹಾಗೇ ಉರುಳಿದವು.

ಇದನ್ನು ಒಪ್ಪದವರೂ ಇರಬಹುದು, ಹೇಳಿ. ಅಲ್ಲಿಗೆ ಹೋಗಿಬಂದವರು ಕಂಡದ್ದನ್ನು ಬರೆಯಿರಿ.

ಧಾರವಾಡ ಪೇಠೆ

ನಮಸ್ಕಾರ್ರೀ. ಭಾಳ ಛಲೋ ವಿಷಯ ತಗದೀರಿ. ನನಗೊಂದು ಸಂಶಯ ಅದ. ಈ ಗೋಪುರದಾಗ ಮಂದಿ ಇರ್ತಿದ್ರೇನು? ಫೋಟೋದಾಗ ನೋಡಿದ್ರ ಕಿಟಕಿನೂ ಸರಿ ಕಾಣಂಗಿಲ್ಲ, ಅಗಲನೂ ಇಲ್ಲ. ಬರೇ ದೊಡ್ಡಸ್ತಿಕೆ ತೋರಸಾಕ ಇಷ್ಟು ಕಲ್ಲು ಹೊತ್ತು ಹಾಕಿದ್ರು ಅಂದ್ರ ನಂಬಾಕ ಆಗವಲ್ದು.

ಕಲ್ಲುಗಾರೆ

@ಧಾರವಾಡ ಪೇಠೆ, ಸರ್, ನಾನು ಸಿವಿಲ್ ಕೆಲಸದವನು, ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಹೆಚ್ಚು ತೊಡಗಿರುವವನು. ನಿಮ್ಮ ಪ್ರಶ್ನೆಗೆ ಗೋಡೆಯೇ ಉತ್ತರ ಹೇಳುತ್ತದೆ.

ಈ ಗೋಪುರಗಳ ಗೋಡೆ ಒಂದೇ ಘನ ಕಲ್ಲಿನದಲ್ಲ. ಒಳಗೊಂದು ಪದರ, ಹೊರಗೊಂದು ಪದರ ಕಟ್ಟಿದ ಕಲ್ಲು, ನಡುವೆ ಸುಣ್ಣದ ಗಾರೆ ಜೊತೆ ಜಲ್ಲಿ, ಚೂರುಕಲ್ಲು ತುಂಬಿಸಿದ್ದು. ಬುಡದಲ್ಲಿ ಗೋಡೆಯೇ ಎರಡು ಮೀಟರ್‌ವರೆಗೂ ದಪ್ಪ. ಹಾಗಾಗಿ ಹೊರಗಿನಿಂದ ದೊಡ್ಡದಾಗಿ ಕಂಡರೂ ಒಳಗೆ ಸಿಗುವುದು ಒಂದು ಸಣ್ಣ ಕೋಣೆಯಷ್ಟೇ ಜಾಗ. ಗೋಡೆಯ ಮೈತುಂಬ ಸಾಲಾಗಿ ಚೌಕದ ತೂತುಗಳಿವೆ, ಫೋಟೋದಲ್ಲೂ ಕಾಣುತ್ತವೆ. ಕಟ್ಟುವಾಗ ಸಾರವೆ ಮರ ತೂರಿಸಿದ್ದ ಜಾಗಗಳು ಅವು. ಕಟ್ಟಿದ ಮೇಲೂ ಅವನ್ನು ಮುಚ್ಚುತ್ತಿರಲಿಲ್ಲ. ತೊಲೆ ತೂರಿಸಿ ಹೊರಚಾಚಿದ ಮರದ ಜಗಲಿ, ಪಕ್ಕದ ಮನೆಗೆ ದಾಟುವ ಮರದ ಸೇತುವೆ, ಎಲ್ಲಕ್ಕೂ ಅವೇ ಆಧಾರ. ಅಡುಗೆ, ಬಾಳುವೆ ಹೆಚ್ಚಾಗಿ ನಡೆಯುತ್ತಿದ್ದದ್ದು ಈ ಮರದ ಭಾಗಗಳಲ್ಲಿ ಮತ್ತು ಅಂಟಿಕೊಂಡ ಮನೆಗಳಲ್ಲಿ. ಮರವೆಲ್ಲ ಸುಟ್ಟೋ ಕೊಳೆತೋ ಹೋಗಿ ಈಗ ಕಲ್ಲಿನ ಎಲುಬು ಮಾತ್ರ ಉಳಿದಿದೆ. ನಾವು ಇವತ್ತು ಬೋಳು ಗೋಪುರಗಳನ್ನು ನೋಡಿ ಊರು ಹೀಗೇ ಇತ್ತು ಅಂದುಕೊಳ್ಳುತ್ತೇವೆ. ಆಗಿನವರು ಕಂಡದ್ದು ಮರ, ಹಗ್ಗ, ಬಟ್ಟೆ, ಹೊಗೆ ಎಲ್ಲ ತುಂಬಿದ ಗಿಜಿಗಿಜಿ ಊರು.

ಗಲಾಟೆ ಎದ್ದಾಗ ಏಣಿ ಮೇಲೆಳೆದುಕೊಂಡು ಒಳಗೆ ಸೇರಿಕೊಳ್ಳಬಹುದಿತ್ತು. ಬೆಲೆಬಾಳುವ ಸರಕು ಇಡಬಹುದಿತ್ತು. ಹಾಗಾಗಿ ಅದು ಬರಿಯ ದೊಡ್ಡಸ್ತಿಕೆ ಅಲ್ಲ. ಆದರೆ ದೊಡ್ಡಸ್ತಿಕೆ ಇಲ್ಲದೆಯೂ ಅಲ್ಲ! ರಕ್ಷಣೆಗೆ ಐವತ್ತು ಮೀಟರ್ ಯಾರಿಗೂ ಬೇಡ.

ಒಳಗೆ ನೋಡಬೇಕೆಂದರೆ ಕಾಂಪತೆಲ್ಲಿ ಕುಟುಂಬದ ಗೋಪುರಮನೆ ಇದೆ, ಈಗ ಇಟಲಿಯ ಪರಂಪರೆ ಸಂಸ್ಥೆ ಎಫ್‌ಎಐ ನೋಡಿಕೊಳ್ಳುತ್ತದೆ. ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿದರೆ 28 ಮೀಟರ್ ಉದ್ದಕ್ಕೂ ಪೂರ್ತಿ ಟೊಳ್ಳು. ಒಂದು ಮಹಡಿಯೂ ಉಳಿದಿಲ್ಲ. ತೊಲೆಗಳು ಕೂತಿದ್ದ ಗುರುತುಗಳನ್ನು ಗೋಡೆಯಲ್ಲಿ ಹುಡುಕುತ್ತ ನಾನು ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ.

ಆರ್ನೊ ಕನ್ನಡತಿ

ನಾನು ಮದುವೆಯಾದಾಗಿನಿಂದ ಫ್ಲಾರೆನ್ಸ್‌ನಲ್ಲಿದ್ದೇನೆ, ಊರಿನಿಂದ ಯಾರೇ ಬಂದರೂ ಸಾನ್ ಜಿಮಿನ್ಯಾನೊಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಗೋಪುರದ ಜಗಳದ ಕಥೆ ನಾನು ಹೇಳುತ್ತೇನೆ.

ಊರಿನಲ್ಲಿ ಎರಡು ದೊಡ್ಡ ಮನೆತನ. ಆರ್ದಿಂಗೆಲ್ಲಿಯವರು ಪೋಪ್ ಕಡೆಯ ಗ್ವೆಲ್ಫ್ ಪಕ್ಷ, ಸಲ್ವುಚ್ಚಿಯವರು ಚಕ್ರವರ್ತಿ ಕಡೆಯ ಗಿಬೆಲಿನ್ ಪಕ್ಷ. ಹೆಸರಿಗೆ ಪೋಪು, ಚಕ್ರವರ್ತಿ. ನಿಜವಾದ ಜಗಳ ಬೀದಿ, ಮಾರುಕಟ್ಟೆ, ಅಧಿಕಾರದ್ದು. ಊರಿನವರನ್ನೇ ಮುಖ್ಯಸ್ಥ ಮಾಡಿದರೆ ಒಂದು ಪಕ್ಷಕ್ಕೆ ವಾಲುತ್ತಾನೆಂದು ಬೇರೆ ಊರಿನಿಂದ ಒಬ್ಬನನ್ನು ಕರೆಸಿ, ಗೊತ್ತಾದ ಅವಧಿಗೆ ಆಡಳಿತ ಒಪ್ಪಿಸುತ್ತಿದ್ದರು. ಆ ಹುದ್ದೆಗೆ ಪೊದೆಸ್ತಾ ಎಂದು ಹೆಸರು. ಅವನ ಅರಮನೆಯ ಮೇಲಿನ ಗೋಪುರ ತೊರ್ರೆ ರೊನ್ಯೋಸಾ, ಐವತ್ತೊಂದು ಮೀಟರ್. 1255ರಲ್ಲಿ, ಯಾವ ಖಾಸಗಿ ಗೋಪುರವೂ ಇದಕ್ಕಿಂತ ಎತ್ತರ ಹೋಗಬಾರದು ಎಂದು ಕಟ್ಟಳೆ ಮಾಡಿದರು. ಸಲ್ವುಚ್ಚಿಯವರು ಕಟ್ಟಳೆ ಮುರಿಯಲಿಲ್ಲ, ಅಕ್ಕಪಕ್ಕ ಎರಡು ಗೋಪುರ ಕಟ್ಟಿಸಿದರು. ಎರಡನ್ನೂ ಕೂಡಿಸಿದರೆ ರೊನ್ಯೋಸಾಕ್ಕಿಂತ ಎತ್ತರ ಎಂದು ಬೀಗಿದರಂತೆ. ಊರಿನಲ್ಲಿ ಈಗಲೂ ಹೇಳುವ ಕಥೆ ಇದು. ಆ ಜೋಡಿ ಗೋಪುರ ಇಂದಿಗೂ ಇದೆ. ಆರ್ದಿಂಗೆಲ್ಲಿಯವರ ಜೋಡಿ ಚಿಸ್ತೆರ್ನಾ ಚೌಕದ ಹತ್ತಿರವೇ ಇದೆ, ಆದರೆ ತಲೆ ಕಡಿಸಿಕೊಂಡು ಗಿಡ್ಡವಾಗಿದೆ.

ಅದೇ ಚೌಕದಲ್ಲಿ ಸೈತಾನನ ಗೋಪುರ ಅಂತ ಒಂದಿದೆ. ಯಜಮಾನ ದೂರಪ್ರಯಾಣ ಮುಗಿಸಿ ಬಂದು ನೋಡಿದರೆ ತಾನು ಬಿಟ್ಟುಹೋದದ್ದಕ್ಕಿಂತ ಗೋಪುರ ಎತ್ತರವಾಗಿತ್ತಂತೆ. ಸೈತಾನನದೇ ಕೆಲಸ ಎಂದು ಊರವರು ಮಾತಾಡಿಕೊಂಡರು. ಪರಊರಿಗೆ ಹೋದವನ ಆಸ್ತಿಯ ಮೇಲೆ ಪಕ್ಕದ ಮನೆಯವರ ಕಣ್ಣು ಎಷ್ಟಿತ್ತೋ ನೋಡಿ.

ಕೊನೆಗೆ ಎಲ್ಲರನ್ನೂ ಮೀರಿಸಿದ್ದು ಊರಿನ ಆಡಳಿತವೇ. 1300ರಲ್ಲಿ ಶುರು ಮಾಡಿ 1311ರಲ್ಲಿ ಮುಗಿಸಿದ ತೊರ್ರೆ ಗ್ರೋಸ್ಸಾ, 54 ಮೀಟರ್. ಈಗ ಹತ್ತಲು ಬಿಡುವುದು ಇದಕ್ಕೇ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಕೊನೆಯಲ್ಲಿ ಕಡಿದಾದ ಏಣಿ. ಮೊಣಕಾಲು ನೋವಿರುವ ಹಿರಿಯರನ್ನು ದಯವಿಟ್ಟು ಒತ್ತಾಯಿಸಬೇಡಿ.

ತೋಟದ ಮನೆ

ಶರಾವತಿ ದಂಡೆಯವರು ವ್ಯಾಪಾರ ಅಂದಿರಿ, ಯಾವ ವ್ಯಾಪಾರ ಅಂತ ಹೇಳಲಿಲ್ಲ. ದೊಡ್ಡ ಪಾಲು ಕೇಸರಿಯದು ಸ್ವಾಮಿ. ನಾವು ಪಾಯಸಕ್ಕೆ ಎರಡೆಳೆ ಹಾಕುವ ಕೇಸರಿಯೇ.

ಆ ಗುಡ್ಡದ ಸುತ್ತ ಬೆಳೆದ ಕೇಸರಿಗೆ ಹದಿಮೂರನೇ ಶತಮಾನದಲ್ಲಿ ಭಾರಿ ಬೇಡಿಕೆ. ಅಡುಗೆಗೆ, ಔಷಧಕ್ಕೆ, ಬಟ್ಟೆಯ ಬಣ್ಣಕ್ಕೆ, ಎಲ್ಲಕ್ಕೂ ಬೇಕು. ತೂಕ ಕಡಿಮೆ, ಬೆಲೆ ಜಾಸ್ತಿ, ಕತ್ತೆಯ ಬೆನ್ನ ಮೇಲೆ ಒಂದು ಆಸ್ತಿಯನ್ನೇ ಸಾಗಿಸಬಹುದು. ಊರಿನ ವರ್ತಕರು ಪೀಸಾದಂಥ ಬಂದರುಗಳಿಗೆ ಒಯ್ದು ಮಾರುತ್ತಿದ್ದರು. 1228ರಲ್ಲಿ ನೇರಾ ಎಂಬ ಕೋಟೆಯ ಮುತ್ತಿಗೆಗೆ ಮಾಡಿದ ಸಾಲದ ಒಂದು ಭಾಗವನ್ನು ಆಡಳಿತ ಕೇಸರಿಯಲ್ಲೇ ತೀರಿಸಿತು. ನಾಣ್ಯದ ಬದಲು ಕೇಸರಿಯನ್ನೇ ಒಪ್ಪಿಕೊಂಡರು ಅಂದರೆ ಅದಕ್ಕಿದ್ದ ಬೆಲೆ ಊಹಿಸಿ.

ಬೆಳೆಯುವ ಬಗೆ ನಮ್ಮ ಕಾಶ್ಮೀರದ ಪಾಂಪೋರಿನದೇ. ಗೆಡ್ಡೆ ಮಳೆಗಾಲದ ಕೊನೆಗೆ ಊರುವುದು, ಅಕ್ಟೋಬರ್, ನವೆಂಬರ್ ಶುರುವಿನಲ್ಲಿ ನೇರಳೆ ಹೂ. ಬಿಸಿಲೇರುವ ಮೊದಲೇ ಹೂ ಕಿತ್ತು, ಅದೇ ದಿನ ಕೂತು ಪ್ರತಿ ಹೂವಿನ ಮೂರು ಕೆಂಪು ಎಳೆ ಬಿಡಿಸಬೇಕು. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ. ಸಾನ್ ಜಿಮಿನ್ಯಾನೊದಲ್ಲಿ ಕೆಂಡದ ಕಾವಿನ ಹತ್ತಿರ ಒಣಗಿಸುವ ರೂಢಿ. ನಡುವೆ ಈ ಬೆಳೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಮತ್ತೆ ಕೆಲವು ರೈತರು ಕೈಗೆತ್ತಿಕೊಂಡು 2005ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆ ಪಡೆದರು. ಪುಡಿ ಮಾಡಿ ಮಾರುವಂತಿಲ್ಲ, ಇಡೀ ಎಳೆಯೇ ಇರಬೇಕು. ಇದು ನನಗೆ ಬಹಳ ಮೆಚ್ಚುಗೆಯಾದ ನಿಯಮ. ಪುಡಿಯಲ್ಲಿ ಏನು ಬೆರೆಸಿದ್ದಾರೆಂದು ಯಾರಿಗೆ ಗೊತ್ತು!

ಅಲ್ಲಿನ ಬಿಳಿ ದ್ರಾಕ್ಷಿ ಮದ್ಯ ವೆರ್ನಾಚ್ಚಾ ಕೂಡ ಅಷ್ಟೇ ಹಳೆಯದು, 1276ರ ದಾಖಲೆಯಲ್ಲೇ ಅದರ ಹೆಸರಿದೆ. 1966ರಲ್ಲಿ ಇಟಲಿ ತನ್ನ ಮದ್ಯಗಳಿಗೆ ಮೂಲಸ್ಥಾನದ ಮಾನ್ಯತೆ ಕೊಡಲು ಶುರುಮಾಡಿದಾಗ ಮೊದಲು ಸಿಕ್ಕಿದ್ದು ಇದಕ್ಕೆ.

ಧಾರವಾಡ ಪೇಠೆ

ಅಬ್ಬಾ, ಸಾಲಕ್ಕ ಕೇಸರಿ! ಇಬ್ಬರಿಗೂ ಭಾಳ ಉಪಕಾರಾತ್ರಿ. ಇನ್ನೊಂದು ಹೇಳ್ರಿ. ಕವಿ ಡಾಂಟೆ ಈ ಊರಿಗೆ ಬಂದಿದ್ದ ಅಂತ ಎಲ್ಲೋ ಓದೀನಿ. ಖರೇನ?

ಆರ್ನೊ ಕನ್ನಡತಿ

ಖರೇನೇ ಸರ್. 1300ರ ಮೇ ತಿಂಗಳಲ್ಲಿ ಬಂದಿದ್ದ, ಆದರೆ ಕವಿಯಾಗಿ ಅಲ್ಲ, ಫ್ಲಾರೆನ್ಸ್‌ನ ರಾಯಭಾರಿಯಾಗಿ. ಟಸ್ಕನಿಯ ಗ್ವೆಲ್ಫ್ ಊರುಗಳೆಲ್ಲ ಒಂದು ಕೂಟ ಮಾಡಿಕೊಳ್ಳುತ್ತಿದ್ದವು, ಆ ಸಭೆಗೆ ನೀವೂ ಪ್ರತಿನಿಧಿ ಕಳಿಸಿ ಎಂದು ಕೇಳಲು ಬಂದದ್ದು. ಪುರಭವನದಲ್ಲಿ ಅವನು ಮಾತಾಡಿದ ಸಭಾಂಗಣಕ್ಕೆ ಈಗ ಅವನದೇ ಹೆಸರು. ಎರಡು ವರ್ಷದೊಳಗೆ ಅವನನ್ನೇ ಫ್ಲಾರೆನ್ಸ್ ಗಡೀಪಾರು ಮಾಡಿತು, ಮತ್ತೆಂದೂ ಊರು ಸೇರಲಿಲ್ಲ.

ಬಣ್ಣದ ಡಬ್ಬಿ

ಆ ಸಭಾಂಗಣದ ಗೋಡೆ ತುಂಬುವ ಮಾತೆ ಮೇರಿಯ ಚಿತ್ರ ಡಾಂಟೆ ನೋಡಿದ್ದಲ್ಲ, ಲಿಪ್ಪೊ ಮೆಮ್ಮಿ ಬರೆದದ್ದು 1317ರಲ್ಲಿ. ಸಿಯೆನಾದ ಪುರಭವನದಲ್ಲಿ ಸಿಮೋನೆ ಮಾರ್ತಿನಿ ಎರಡು ವರ್ಷ ಮೊದಲಷ್ಟೇ ಬರೆದಿದ್ದ ಚಿತ್ರವನ್ನು ಕಣ್ಣೆದುರಿಟ್ಟುಕೊಂಡೇ ಮಾಡಿದ್ದು. ಸಂತರ ಸಾಲಿನಲ್ಲಿ ಆಗಿನ ಪೊದೆಸ್ತಾ ನೆಲ್ಲೊ ತೊಲೊಮೇಯಿ ಮೊಣಕಾಲೂರಿ ಕೂತಿದ್ದಾನೆ. ಚಿತ್ರಕ್ಕೆ ದುಡ್ಡು ಕೊಡಿಸಿದವನಿಗೆ ಸ್ವರ್ಗದಲ್ಲಿ ಒಂದು ಜಾಗ.

ಈ ಊರಿನಲ್ಲಿ ಗೋಪುರ ನೋಡಿ ಹೊರಟುಬಿಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಗೋಡೆಗಳ ಒಳಗಿರುವ ಚಿತ್ರಗಳಿಗಾಗಿಯೇ ಹೋಗಬೇಕಾದ ಊರಿದು. ಹಿರಿಯ ಇಗರ್ಜಿ ಕೊಲ್ಲೆಜಾತಾ ಹೊರಗಿನಿಂದ ಅಲಂಕಾರವೇ ಇಲ್ಲದ ಬೋಳು ಗೋಡೆ. ಒಳಗೆ ಹೋದರೆ ಒಂದು ಬದಿಗೆ ಹಳೆ ಒಡಂಬಡಿಕೆಯ ಕಥೆಗಳು, ಬಾರ್ತೊಲೊ ದಿ ಫ್ರೆದಿ 1367ರಲ್ಲಿ ಮುಗಿಸಿದ್ದು. ಎದುರು ಬದಿಗೆ ಕ್ರಿಸ್ತನ ಬದುಕು. ಓದು ಬಾರದ ಜನ ನಡುವೆ ನಿಂತು ಎರಡೂ ಕಡೆ ಕತ್ತು ತಿರುಗಿಸಿದರೆ ಬೈಬಲ್ ಪೂರ್ತಿ ಓದಿದಂತೆ. ಬಾಗಿಲ ಕಡೆ ತದ್ದೆಯೊ ದಿ ಬಾರ್ತೊಲೊ ಬರೆದ ನರಕ ಇದೆ. ಹೊಟ್ಟೆಬಾಕರ ಮುಂದೆ ತುಂಬಿದ ಮೇಜು, ಕೈಗೆ ಮಾತ್ರ ಎಟಕದು. ಬಡ್ಡಿ ವ್ಯವಹಾರದವನ ಬಾಯಿಗೆ ಸೈತಾನ ನಾಣ್ಯ ವಿಸರ್ಜಿಸುತ್ತಿದ್ದಾನೆ. ಲೇವಾದೇವಿಯಿಂದಲೂ ದುಡ್ಡು ಕಂಡ ಊರಿನಲ್ಲಿ ಈ ಚಿತ್ರ ಎಷ್ಟು ಜನರ ಎದೆಗೆ ನಾಟಿರಬೇಕು!

ಇದಕ್ಕೆ ಪೂರ್ತಿ ಬೇರೆಯದು ಪುರಭವನದ ಪೊದೆಸ್ತಾನ ಕೋಣೆ. ಹದಿನಾಲ್ಕನೇ ಶತಮಾನದ ಶುರುವಿನಲ್ಲಿ ಮೆಮ್ಮೊ ದಿ ಫಿಲಿಪ್ಪುಚ್ಚೊ ಬರೆದದ್ದು. ಗಂಡುಹೆಣ್ಣು ಒಂದೇ ಮರದ ತೊಟ್ಟಿಯಲ್ಲಿ ಕೂತು ಸ್ನಾನ ಮಾಡುತ್ತಿದ್ದಾರೆ. ಮುಂದಿನ ಚಿತ್ರದಲ್ಲಿ ಆಕೆ ಹೊದಿಕೆಯೊಳಗೆ ಆ ಕಡೆ ತಿರುಗಿ ಮಲಗಿದ್ದಾಳೆ, ಆತ ಹಾಸಿಗೆಗೆ ಹತ್ತುತ್ತಿದ್ದಾನೆ. ಸಂತರಿಲ್ಲ, ದೇವತೆಗಳಿಲ್ಲ, ಏಳು ನೂರು ವರ್ಷದ ಹಿಂದಿನ ಒಂದು ಮಲಗುವ ಕೋಣೆ. ಪರದೆ, ಹಾಸಿಗೆ, ಕೂದಲು ಕಟ್ಟಿದ ರೀತಿ ಎಲ್ಲ ಕಾಣುತ್ತದೆ. ಮಧ್ಯಯುಗ ಎಂದರೆ ಬರೀ ಭಕ್ತಿ, ಕತ್ತಿ, ಪ್ಲೇಗ್ ಅಂದುಕೊಂಡವರು ಈ ಕೋಣೆಯನ್ನು ಮೊದಲು ನೋಡಬೇಕು.

ಬಿಸಿಲ ಬೀದಿ

ಚರ್ಚೆ ತುಂಬ ಚೆನ್ನಾಗಿ ಸಾಗುತ್ತಿದೆ. ಆದರೆ ಬಡತನದಿಂದಲೇ ಗೋಪುರ ಉಳಿದವು ಎಂಬ ಮೊದಲ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

1353ರ ನಂತರ ಊರಿನಲ್ಲಿ ದುಡ್ಡೇ ಇಲ್ಲದಿದ್ದರೆ ಬಣ್ಣದ ಡಬ್ಬಿಯವರು ಹೇಳಿದ ಚಿತ್ರಗಳಿಗೆ ಹಣ ಎಲ್ಲಿಂದ ಬಂತು? ಬಾರ್ತೊಲೊ ಬರೆದದ್ದು ಪ್ಲೇಗ್ ಆಗಿ ಇಪ್ಪತ್ತು ವರ್ಷದೊಳಗೆ. ಸಾಂತ್ ಅಗೊಸ್ತಿನೊ ಇಗರ್ಜಿಗೆ ಬೆನೊತ್ಸೊ ಗೊತ್ಸೊಲಿಯನ್ನು ಕರೆಸಿದ್ದು 1464ರಲ್ಲಿ, ಅವನೇನು ಅಗ್ಗದ ಕಲಾವಿದನಲ್ಲ, ಫ್ಲಾರೆನ್ಸ್‌ನ ಸಿರಿವಂತ ಮನೆತನ ಮೆದಿಚಿಗಳ ಅರಮನೆಯಲ್ಲಿ ಕೆಲಸ ಮುಗಿಸಿ ಬಂದವನು. ಸಂತ ಅಗಸ್ಟೀನನ ಬದುಕಿನ 17 ಚಿತ್ರ ಬರೆದ. ಮೊದಲನೆಯದರಲ್ಲಿ ಪುಟ್ಟ ಅಗಸ್ಟೀನನನ್ನು ಅಪ್ಪ ಅಮ್ಮ ಶಾಲೆಗೆ ಸೇರಿಸುತ್ತಿದ್ದಾರೆ, ಮೇಷ್ಟ್ರು ಇನ್ನೊಬ್ಬ ಹುಡುಗನ ಕುಂಡೆಗೆ ಬಾರಿಸುತ್ತಿದ್ದಾರೆ. ಕೆಲ ವರ್ಷದಲ್ಲೇ ಫ್ಲಾರೆನ್ಸ್‌ನಿಂದ ಚಿತ್ರಕಾರ ಗಿರ್ಲಾಂದಾಯೊ ಬಂದ, ಕಟ್ಟಡ, ಶಿಲ್ಪದ ಕೆಲಸದ ಮಾಯಾನೊ ಸಹೋದರರು ಬಂದರು. ಇದು ದಿವಾಳಿ ಎದ್ದ ಊರಿನ ಲಕ್ಷಣವೇ?

ಇನ್ನೊಂದು ಸಾಕ್ಷಿ. ಅಲ್ಲಿನ ಮ್ಯೂಸಿಯಂನಲ್ಲಿ ಅದೇ ತದ್ದೆಯೊ ದಿ ಬಾರ್ತೊಲೊ ಬರೆದ ಸಂತ ಜಿಮಿನ್ಯಾನೊನ ಚಿತ್ರವಿದೆ, ಸುಮಾರು 1400ರದ್ದು. ಊರಿನ ಹೆಸರಿಗೆ ಕಾರಣನಾದ, ಮೋದೆನಾದ ಬಿಷಪ್ಪನಾಗಿದ್ದ ಸಂತ. ಕೂತಿದ್ದಾನೆ, ಮಡಿಲಲ್ಲಿ ಇಡೀ ಊರನ್ನು ಹಿಡಿದಿದ್ದಾನೆ, ಗೋಡೆಯೊಳಗೆ ಕಿಕ್ಕಿರಿದ ಗೋಪುರಗಳು. ಹೆಚ್ಚುಕಡಿಮೆ ಆಗಲೇ ಬರೆದ ಸಂತ ಫೀನಾಳ ಚಿತ್ರದಲ್ಲೂ ಆಕೆಯ ಕೈಯಲ್ಲಿ ಅದೇ ಗೋಪುರಗಳ ಊರು. ಅಂದರೆ ಗೋಪುರವೇ ಊರಿನ ಗುರುತು ಎಂದು ಆ ಕಾಲದ ಜನಕ್ಕೇ ಅನಿಸಿತ್ತು. ಬೇಕೆಂದು ಉಳಿಸಿಕೊಂಡರು, ಗತಿಯಿಲ್ಲದೆ ಅಲ್ಲ.

ಶರಾವತಿ ದಂಡೆ

@ಬಿಸಿಲ ಬೀದಿ, ಮಡಿಲಲ್ಲಿ ಊರು ಹಿಡಿದ ಸಂತನ ಚಿತ್ರವನ್ನು ನೆನಪಿಸಿದ್ದು ಬಹಳ ಒಳ್ಳೆಯದಾಯಿತು. ಅಭಿಮಾನ ಇತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಹಣ ಯಾವ ಹಣ ಎನ್ನುವುದನ್ನೂ ನೋಡಬೇಕಲ್ಲ. 1353ಕ್ಕೆ ಮೊದಲು ಖರ್ಚು ಮಾಡುತ್ತಿದ್ದದ್ದು ಮನೆತನಗಳು, ಒಂದರ ಮೇಲೊಂದು ಪ್ರತಿಷ್ಠೆಗೆ ಬಿದ್ದು. ಆಮೇಲೆ ಖರ್ಚು ಮಾಡಿದ್ದು ಇಗರ್ಜಿ, ಮಠ, ಆಸ್ಪತ್ರೆ, ಊರಿನ ಆಡಳಿತ. ಸಾಂತ್ ಅಗೊಸ್ತಿನೊದ ಚಿತ್ರಗಳಿಗೆ ಬೆನ್ನೆಲುಬಾಗಿ ನಿಂತವರು ಅದೇ ಮಠದ ದೊಮೆನಿಕೊ ಸ್ತ್ರಾಂಬಿ ಎಂಬ ವಿದ್ವಾಂಸ ಸನ್ಯಾಸಿ. ಫ್ಲಾರೆನ್ಸ್‌ನಲ್ಲಿ ಸ್ತ್ರೋತ್ಸಿ, ಪಿತ್ತಿಯಂಥವರು ಬೀದಿಗಟ್ಟಲೆ ಮನೆ ಕೆಡವಿ ಅರಮನೆ ಎಬ್ಬಿಸುತ್ತಿದ್ದ ಕಾಲಕ್ಕೆ, ಸಾನ್ ಜಿಮಿನ್ಯಾನೊದಲ್ಲಿ ಅಷ್ಟು ಕಸುವಿನ ಒಂದು ಮನೆತನವೂ ಉಳಿದಿರಲಿಲ್ಲ. ಗೋಡೆಗೆ ಚಿತ್ರ ಬರೆಸಲು ದುಡ್ಡಿತ್ತು, ಊರನ್ನೇ ಹೊಸದಾಗಿ ಕಟ್ಟಲು ಇರಲಿಲ್ಲ. ಗೋಪುರ ಉಳಿಯಲು ಅಷ್ಟು ಸಾಕಾಯಿತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂ ಒಂದು ಮಾತು, 72ರಲ್ಲಿ ಐವತ್ತಕ್ಕೂ ಹೆಚ್ಚು ಹೋಗಿಯೇ ಹೋದವು. ಅಭಿಮಾನ ಒಂದೇ ಸಾಲುತ್ತಿದ್ದರೆ ಅವೂ ಇರುತ್ತಿದ್ದವು.

ಬಿಸಿಲ ಬೀದಿ

ಮನೆತನದ ಹಣ, ಮಠದ ಹಣ ಎಂದು ಬಿಡಿಸಿದ್ದು ಸರಿಯಾಗಿದೆ. ಆದರೂ ಅಭಿಮಾನಕ್ಕೆ ಇನ್ನಷ್ಟು ಪಾಲು ಕೊಡಬೇಕು ಅನ್ನುವುದು ನನ್ನ ವಾದ, ಅದನ್ನು ಬಿಡುವುದಿಲ್ಲ!

ಮೊಗ್ಗಿನ ಜಡೆ

ಸಂತ ಫೀನಾ ಅಂದಿರಲ್ಲ, ಆಕೆ ಯಾರು? ಯಾರಾದರೂ ಬಿಡಿಸಿ ಹೇಳುತ್ತೀರಾ?

ಬಣ್ಣದ ಡಬ್ಬಿ

@ಮೊಗ್ಗಿನ ಜಡೆ, ಖಂಡಿತ ತಂಗಿ.

ಫೀನಾ ಅದೇ ಊರಿನ ಹುಡುಗಿ, 1238ರಲ್ಲಿ ಹುಟ್ಟಿದವಳು. ಹತ್ತನೇ ವಯಸ್ಸಿಗೆ ಏನೋ ಕಾಯಿಲೆ ಬಂದು ಮೈ ಎದ್ದೇಳದಾಯಿತು. ಹಾಸಿಗೆ ಬೇಡವೆಂದು ಬರೀ ಓಕ್ ಹಲಗೆಯ ಮೇಲೆ ಮಲಗಿದಳು, ಐದು ವರ್ಷ. ಮೈ ಹುಣ್ಣಾಗಿ ಹಲಗೆಗೆ ಅಂಟಿತು, ಇಲಿಗಳು ಬಂದು ಕಚ್ಚುತ್ತಿದ್ದವು ಎನ್ನುತ್ತಾರೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು, ಬೆಲ್ದಿಯಾ ಎಂಬ ದಾದಿ ತಲೆಗೆ ಕೈ ಆನಿಸಿ ಹಿಡಿದು ನೋಡಿಕೊಂಡಳು. ಸಂತ ಗ್ರೆಗರಿ ಕಾಣಿಸಿಕೊಂಡು, ನನ್ನ ಹಬ್ಬದ ದಿನ ನಿನ್ನನ್ನು ಕರೆದುಕೊಳ್ಳುತ್ತೇನೆ ಎಂದನಂತೆ. 1253ರ ಮಾರ್ಚ್ 12ರಂದು, ಗ್ರೆಗರಿಯ ಹಬ್ಬದ ದಿನವೇ ತೀರಿಕೊಂಡಳು. ಹದಿನೈದು ವರ್ಷ. ಹಲಗೆಯಿಂದ ಎತ್ತಿದಾಗ ಅದರ ಮೇಲೆ ಹೂ ಅರಳಿತ್ತು, ಊರಿನ ಗಂಟೆಗಳು ತಾವಾಗಿ ಬಾರಿಸಿದವು, ಗೋಪುರಗಳ ಮೇಲೂ ಅದೇ ಹೂ ಅರಳಿತು ಎಂದು ನಂಬಿಕೆ. ಮಾರ್ಚ್‌ನಲ್ಲಿ ಗೋಪುರಗಳ ಕಲ್ಲಿನ ಸಂದಿಯಲ್ಲಿ ಹಳದಿ ಹೂ ಬಿಡುತ್ತದೆ, ಫೀನಾಳ ಹೂ ಎಂದೇ ಹೆಸರು. ಮಾರ್ಚ್ 12ಕ್ಕೂ ಆಗಸ್ಟ್‌ನ ಮೊದಲ ಭಾನುವಾರವೂ ಊರಿನಲ್ಲಿ ಆಕೆಯ ಹಬ್ಬ.

ಗೋರಿಗೆ ಜನ ಅರ್ಪಿಸಿದ ಕಾಣಿಕೆಯಿಂದ ಆಕೆಯ ಹೆಸರಿನಲ್ಲೇ ಆಸ್ಪತ್ರೆ ಎದ್ದಿತು. ಬಡವರು, ಯಾತ್ರಿಕರು ಎಲ್ಲರಿಗೂ ಬಾಗಿಲು ತೆರೆದಿತ್ತು. ಅದರ ಔಷಧಾಲಯದ ಬಣ್ಣದ ಜಾಡಿಗಳು ಈಗ ಮ್ಯೂಸಿಯಂನಲ್ಲಿವೆ, ನೋಡಲು ಮರೆಯಬೇಡಿ.

ಕೊಲ್ಲೆಜಾತಾದಲ್ಲಿ ಆಕೆಯ ಗುಡಿಯನ್ನು ಜುಲಿಯಾನೊ ದಾ ಮಾಯಾನೊ ಕಟ್ಟಿದ, ತಮ್ಮ ಬೆನೆದೆತ್ತೊ ಅಮೃತಶಿಲೆಯ ವೇದಿಕೆ ಮಾಡಿದ, 1475ರ ಹೊತ್ತಿಗೆ ಗಿರ್ಲಾಂದಾಯೊ ಎರಡು ಗೋಡೆಗೆ ಎರಡು ಚಿತ್ರ ಬರೆದ. ಒಂದರಲ್ಲಿ ಹಲಗೆಯ ಮೇಲೆ ಮಲಗಿದ ಹುಡುಗಿ, ಮೇಲೆ ಗ್ರೆಗರಿ. ಇನ್ನೊಂದು ಅಂತ್ಯಕ್ರಿಯೆ. ಆಕೆಯ ಕೈ, ತಲೆ ಹಿಡಿದು ಹಿಡಿದು ಸೆಟೆದುಹೋಗಿದ್ದ ದಾದಿಯ ಕೈಯನ್ನು ಮುಟ್ಟಿ ವಾಸಿ ಮಾಡುತ್ತಿದೆ, ಹುಡುಗನೊಬ್ಬ ಕಾಲು ಮುಟ್ಟಿ ಕಣ್ಣು ಪಡೆಯುತ್ತಿದ್ದಾನೆ, ಸುತ್ತ ನಿಂತವರ ಮುಖಗಳು ಒಂದೊಂದೂ ನಿಜವಾದ ಮನುಷ್ಯರದ್ದು, ಯಾರೋ ಮಾತಾಡಿಸಿದರೆ ತಿರುಗಿಬಿಡುವಂತಿವೆ. ಇವರ ಹಿಂದೆ ಎರಡೂ ಕಡೆ ಸಾನ್ ಜಿಮಿನ್ಯಾನೊದ ಗೋಪುರಗಳು. ಮೂಲೆಯಲ್ಲಿ ಪುಟ್ಟ ದೇವದೂತ ಗೋಪುರದ ಗಂಟೆ ಬಾರಿಸುತ್ತಿದ್ದಾನೆ. ನಾನು ಕಂಡ ಸಾವಿನ ಚಿತ್ರಗಳಲ್ಲಿ ಇಷ್ಟು ಶಾಂತವಾದದ್ದು ಇನ್ನೊಂದಿಲ್ಲ.

ಸಾಂತ್ ಅಗೊಸ್ತಿನೊದಲ್ಲಿ ಗೊತ್ಸೊಲಿ 1464ರಲ್ಲೇ ಬರೆದ, ಪ್ಲೇಗಿನಿಂದ ಕಾಯುವನೆಂದು ನಂಬುವ ಸಂತ ಸೆಬಾಸ್ಟಿಯನ್‌ನ ಚಿತ್ರವನ್ನೂ ನೋಡಿ. ಆ ವರ್ಷ ಮತ್ತೆ ಪ್ಲೇಗ್ ಬಂದಿತ್ತು. ಎಲ್ಲ ಕಡೆ ಸೆಬಾಸ್ಟಿಯನ್ ಅಂದರೆ ಬಾಣ ನಾಟಿದ ಬರಿಮೈ ಯುವಕ. ಇಲ್ಲಿ ಬಟ್ಟೆ ತೊಟ್ಟು ನಿಂತು ತನ್ನ ಮೇಲಂಗಿಯನ್ನು ಅಗಲಕ್ಕೆ ಹರಡಿದ್ದಾನೆ, ಊರಿನ ಜನವೆಲ್ಲ ಅದರಡಿ ಸೇರಿದ್ದಾರೆ, ಮೇಲಿನಿಂದ ಬಂದ ಬಾಣಗಳು ಅಂಗಿಗೆ ತಾಗಿ ಮುರಿದು ಬೀಳುತ್ತಿವೆ.

ಮೊಗ್ಗಿನ ಜಡೆ

ಓದಿ ಮನಸ್ಸು ತುಂಬಿ ಬಂತು ಅಕ್ಕ. ಐದು ವರ್ಷ ಹಲಗೆಯ ಮೇಲೆ, ಅಷ್ಟು ಚಿಕ್ಕ ಹುಡುಗಿ.

ಧಾರವಾಡ ಪೇಠೆ

ಈಗ ಅಲ್ಲಿ ಮಂದಿ ಇದ್ದಾರೋ, ಇಲ್ಲಾ ಬರೇ ಪ್ರವಾಸಿಗರೋ? ಇಂಥಾ ಊರು ಅಂಗಡಿ ಸಾಲು ಆಗಿ ಹೋಗಿರ್ತಾವ ಅಂತ ಕೇಳೀನಿ.

ಆರ್ನೊ ಕನ್ನಡತಿ

ಸರ್, ನೋವಿನ ಜಾಗಕ್ಕೇ ಕೈ ಹಾಕಿದಿರಿ. ಸುತ್ತಲ ಹಳ್ಳಿ ಎಲ್ಲ ಸೇರಿ ಜನಸಂಖ್ಯೆ ಏಳೂವರೆ ಸಾವಿರದ ಆಸುಪಾಸು, ಗೋಡೆಯೊಳಗೆ ಇರುವವರು ಅದರಲ್ಲಿ ಸಣ್ಣ ಪಾಲು. ಸಾನ್ ಜೊವಾನ್ನಿ ಬಾಗಿಲಿನಿಂದ ಮೇಲೆ ಹೋಗುವ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಭುಜಕ್ಕೆ ಭುಜ ತಾಗುತ್ತದೆ. ಎರಡೂ ಬದಿ ಚರ್ಮದ ಚೀಲ, ಕಾಡುಹಂದಿ ಮಾಂಸ, ಸೆರಾಮಿಕ್ ತಟ್ಟೆ. ದಿನಸಿ ಅಂಗಡಿ ಹುಡುಕಬೇಕು. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬರುವವರು ಇನ್ನೂ ಹೆಚ್ಚಾದರು.

ಆದರೂ ಊರು ಸತ್ತಿಲ್ಲ. ಜೂನ್‌ನಲ್ಲಿ ಸುಗ್ಗಿ ಹಬ್ಬ, ಫೇರಿಯೆ ದೆಲ್ಲೆ ಮೆಸ್ಸಿ. ಊರಿನ ನಾಲ್ಕು ಕೇರಿಯವರು ಹಳೆಯ ಉಡುಗೆ ತೊಟ್ಟು ಸ್ಪರ್ಧೆಗೆ ಇಳಿಯುತ್ತಾರೆ. ಉಡುಪು ಹೊಲಿಯುವುದರಿಂದ ಹಿಡಿದು ಎಲ್ಲವನ್ನೂ ಅಲ್ಲಿನವರೇ ವರ್ಷವಿಡೀ ಮಾಡುತ್ತಾರೆ. ಹಳೆಯ ಸಿನಿಮಾ ಮಂದಿರದಲ್ಲಿ ಗಲ್ಲೇರಿಯಾ ಕೊಂತಿನುವಾ ಎಂಬ ಆಧುನಿಕ ಕಲೆಯ ಗ್ಯಾಲರಿ ಇದೆ, ದೇಶವಿದೇಶದ ಕಲಾವಿದರು ಬರುತ್ತಾರೆ. ನನಗೆ ಅದು ತುಂಬ ಇಷ್ಟ, ಹಳೆಯದನ್ನೇ ಮಾರಿ ಬದುಕುವ ಊರಿನಲ್ಲಿ ಹೊಸತು ಹುಟ್ಟಲು ಒಂದು ಜಾಗ.

ಕಲ್ಲುಗಾರೆ

ಪ್ರವಾಸಿಗರ ಹಣವನ್ನು ಪೂರ್ತಿ ದೂರುವುದು ನನಗೆ ಸರಿಕಾಣದು. 2018ರ ಏಪ್ರಿಲ್‌ನಲ್ಲಿ ಕೋಟೆಗೋಡೆಯ ಒಂದು ಭಾಗ ಕುಸಿದು ಕೆಳಗಿನ ಬೀದಿಗೆ ಬಿತ್ತು. ನಾನು ಹೇಳಿದ ಎರಡು ಪದರದ ಗೋಡೆಯ ಕಾಯಿಲೆಯೇ ಇದು. ಮಳೆನೀರು ಒಳಗಿಳಿದು ನಡುವಿನ ಸುಣ್ಣ ಕರಗುತ್ತದೆ, ತುಂಬಿಸಿದ ಜಲ್ಲಿ ಸಡಿಲವಾಗಿ ಕೆಳಗೆ ಕೂರುತ್ತದೆ, ಹೊರಪದರ ಹೊಟ್ಟೆ ಬಿಡುತ್ತದೆ, ಒಂದು ದಿನ ಜಾರುತ್ತದೆ. ಇದಕ್ಕೆ ಸಿಮೆಂಟ್ ತುರುಕಿದರೆ ಇನ್ನೂ ಹಾಳು, ಗೋಡೆ ಉಸಿರಾಡದೆ ನೀರು ಒಳಗೇ ನಿಲ್ಲುತ್ತದೆ. ಸುಣ್ಣದ ಗಾರೆಯನ್ನೇ ತೆಳ್ಳಗೆ ಮಾಡಿ ಒಳಕ್ಕೆ ತುಂಬಿಸಬೇಕು, ಮೇಲ್ತುದಿಗೆ ನೀರು ಇಳಿಯದಂತೆ ಹೊದಿಕೆ ಮಾಡಬೇಕು, ವರ್ಷ ವರ್ಷ ನೋಡುತ್ತಿರಬೇಕು. ಎರಡು ಕಿಲೋಮೀಟರ್ ಗೋಡೆ, 14 ಗೋಪುರ. ಇಷ್ಟು ಸಣ್ಣ ಊರು ತನ್ನ ಕೈಯಿಂದಲೇ ಇದನ್ನೆಲ್ಲ ಭರಿಸಲಾಗದು. ಟಿಕೆಟ್ ಹಣ ಬೇಕೇ ಬೇಕು.

ಬಿಸಿಲ ಬೀದಿ

ಕಲ್ಲುಗಾರೆಯವರ ಮಾತು ಪೂರ್ತಿ ಒಪ್ಪಿದೆ. ಹಣದ ಒಂದು ಪಾಲು ಗೋಡೆಯೊಳಗೆ ಬಾಡಿಗೆ ಕೊಟ್ಟು ಬದುಕುವ ಕುಟುಂಬಗಳಿಗೂ ಸಿಗಬೇಕು ಅಷ್ಟೇ. ಮಕ್ಕಳಿಲ್ಲದ ಊರಿನಲ್ಲಿ ಗೋಪುರ ಕಾಯುವವರು ಯಾರು? ಸಾನ್ ದೊಮೆನಿಕೊ ಮಠವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಜೈಲಾಯಿತು, 1990ರ ದಶಕದವರೆಗೂ ಜೈಲಾಗಿಯೇ ಇತ್ತು, ಆಮೇಲೆ ಬಹುಕಾಲ ಖಾಲಿ. ಗೋಡೆಯೊಳಗಿನ ಅಷ್ಟು ದೊಡ್ಡ ಜಾಗ ಊರಿನವರ ಬಳಕೆಗೆ ಬರಬೇಕು ಎಂಬುದು ನನ್ನ ಆಸೆ.

ತೋಟದ ಮನೆ

ಈ ಚಳಿಗಾಲದಲ್ಲಿ ಮನೆಯವರೊಂದಿಗೆ ಇಟಲಿಗೆ ಹೋಗುವ ಯೋಚನೆ ಇದೆ. ಆರ್ನೊ ಕನ್ನಡತಿಯವರೇ, ಫ್ಲಾರೆನ್ಸ್‌ನಿಂದ ಹೋಗುವುದು ಹೇಗೆ, ಹೇಗೆ ನೋಡಿದರೆ ಒಳ್ಳೆಯದು ಹೇಳಿ.

ಆರ್ನೊ ಕನ್ನಡತಿ

ಊರಿಗೆ ರೈಲು ಇಲ್ಲ ಸರ್. ಫ್ಲಾರೆನ್ಸ್‌ನಿಂದ ಪೊಜ್ಜಿಬೊನ್ಸಿವರೆಗೆ ರೈಲು, ಅಲ್ಲಿಂದ ಗುಡ್ಡಕ್ಕೆ ಬಸ್ಸು. ಭಾನುವಾರ ಬಸ್ಸು ಕಡಿಮೆ, ಮರಳುವ ಸಮಯ ಮೊದಲೇ ನೋಡಿಕೊಳ್ಳಿ. ಆದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಸಂಜೆ ಪ್ರವಾಸಿ ಬಸ್ಸುಗಳು ಇಳಿದುಹೋದ ಮೇಲೆ ಊರು ಊರಿನವರ ಕೈಗೆ ವಾಪಸ್ ಬರುತ್ತದೆ, ಅಜ್ಜಂದಿರು ಚೌಕದ ಕಟ್ಟೆಯ ಮೇಲೆ ಬಂದು ಕೂರುತ್ತಾರೆ.

ಚಿಸ್ತೆರ್ನಾ ಚೌಕದ ಬಾವಿಯನ್ನು ಹತ್ತಿರ ಹೋಗಿ ನೋಡಿ. 1273ರದ್ದು, 1346ರಲ್ಲಿ ದೊಡ್ಡದು ಮಾಡಿದರು. ಬಾಯಿಯ ಕಲ್ಲಿನ ಅಂಚಿನಲ್ಲಿ ಬೆರಳು ಇಡುವಷ್ಟು ಆಳದ ಸೀಳುಗಳಿವೆ, ಶತಮಾನಗಟ್ಟಲೆ ಕೊಡ ಎಳೆದ ಹಗ್ಗ ಸವೆಸಿದ್ದು. ಮರುದಿನ ಬೆಳಗ್ಗೆ ಕೊಲ್ಲೆಜಾತಾ ಬಾಗಿಲು ತೆರೆದ ಕೂಡಲೇ ಹೋಗಿ, ಆಮೇಲೆ ಪುರಭವನ ಮತ್ತು ಗೋಪುರ. ಸಾಂತ್ ಅಗೊಸ್ತಿನೊ ಊರಿನ ಆ ತುದಿಯಲ್ಲಿದೆ, ಅಲ್ಲಿವರೆಗೆ ಹೆಚ್ಚು ಜನ ಬರುವುದಿಲ್ಲ. ಊಟಕ್ಕೆ ಮೊದಲು ಮೊಂತೆಸ್ತಾಫೊಲಿ ಕೋಟೆಗೆ ಹತ್ತಿ. 1353ರಲ್ಲಿ ಊರನ್ನು ಹದ್ದುಬಸ್ತಿನಲ್ಲಿಡಲು ಫ್ಲಾರೆನ್ಸ್ ಕಟ್ಟಿಸಿದ ಕೋಟೆ, ಈಗ ಆಲಿವ್ ಮರಗಳ ಉದ್ಯಾನ, ಟಿಕೆಟ್ ಇಲ್ಲ, ಗೋಪುರಗಳೆಲ್ಲ ಒಟ್ಟಿಗೆ ಕಾಣುವ ಜಾಗ.

ಚಳಿಗಾಲದಲ್ಲಿ ಕೆಲವು ಅಂಗಡಿ, ಹೋಟೆಲು ಮುಚ್ಚಿರುತ್ತವೆ, ಕೋಣೆ ಮೊದಲೇ ಕಾಯ್ದಿರಿಸಿ. ಕೇಸರಿಯ ಹೂ ನೋಡಬೇಕೆಂದಿದ್ದರೆ ಮಾತ್ರ ಚಳಿಗಾಲ ತಡವಾಯಿತು, ಅಕ್ಟೋಬರ್ ಕೊನೆಗೇ ಹೊರಡಬೇಕು.

ತೋಟದ ಮನೆ

ಹಾಗಾದರೆ ಅಕ್ಟೋಬರ್ ಕೊನೆಗೇ ಟಿಕೆಟ್ ಮಾಡಿಸುತ್ತೇನೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಬಂದುಬಿಡಬಹುದು. ಗದ್ದೆಗಿಳಿದು ಹೂ ಕೀಳಲು ಬಿಡುವ ರೈತರು ಯಾರಾದರೂ ಇದ್ದರೆ ವಿಚಾರಿಸಿ ತಿಳಿಸಿ ತಾಯಿ.